ಒಬ್ಬ ಹಮಾಲನ ನಡಿಗೆಯನ್ನು ಹತ್ತು ಹಮಾಲರಿಗೆ ಕೊಡಬಹುದೇ?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ಕುರಿತು ಬ್ಲೆಂಡರ್ ಎಂಬ 3ಡಿ ಅನಿಮೇಷನ್ ತಂತ್ರಾಂಶದಲ್ಲಿ ಒಂದು ಕಿರುಚಿತ್ರ ಮಾಡುತ್ತಿದ್ದೇನೆ. ಒಬ್ಬ ಹಮಾಲನ ನಡಿಗೆ ಸಿದ್ಧವಾಗಿದೆ. ಅದನ್ನೇ ಉಳಿದ ಪಾತ್ರಗಳಿಗೆ ಕೊಟ್ಟರೆ ಕೆಲವರ ಪಾದಗಳು ನೆಲದ ಮೇಲೆ ಜಾರುತ್ತವೆ, ಒಂದಿಬ್ಬರು ಅಲುಗಾಡುವುದೇ ಇಲ್ಲ. ಪ್ರತಿಯೊಬ್ಬರ ನಡಿಗೆಯನ್ನೂ ಹೊಸದಾಗಿ ಮಾಡಬೇಕೇ? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಬೇಕಾಗಿಲ್ಲ. ಬ್ಲೆಂಡರ್‌ನಲ್ಲಿ ಕೀಫ್ರೇಮ್‌ಗಳು, ಅಂದರೆ ಯಾವ ಫ್ರೇಮಿನಲ್ಲಿ ಯಾವ ಭಂಗಿ ಎಂಬ ಗುರುತುಗಳು, ಪಾತ್ರದ ಒಡಲಲ್ಲಿ ಇರುವುದಿಲ್ಲ. ಅವು ‘ಆಕ್ಷನ್’ ಎಂಬ ಬೇರೆಯೇ ಕಟ್ಟಿನಲ್ಲಿ ಇರುತ್ತವೆ, ಆ ಕಟ್ಟನ್ನು ಎಷ್ಟು ಪಾತ್ರಗಳಿಗಾದರೂ ಜೋಡಿಸಬಹುದು. ಆದರೆ ಹಾಗೆ ಹಂಚಿಕೊಳ್ಳಲು ಯೋಗ್ಯವಾಗುವಂತೆ ಆಕ್ಷನ್ನನ್ನು ಮೊದಲಿನಿಂದಲೇ ಕಟ್ಟಿರಬೇಕು. ನಿಮ್ಮ ಎರಡೂ ತೊಂದರೆಗಳು ಅಲ್ಲಿಂದಲೇ ಹುಟ್ಟಿವೆ.

ಅಲುಗಾಡದ ಪಾತ್ರಗಳ ವಿಷಯ ಸರಳ. ಆಕ್ಷನ್ ಪ್ರತಿಯೊಂದು ಬೋನನ್ನೂ (ಪಾತ್ರದೊಳಗಿನ ಮೂಳೆಯನ್ನು) ಅದರ ಹೆಸರಿನಿಂದಲೇ ಗುರುತಿಸುತ್ತದೆ, ಆದ್ದರಿಂದ ಎರಡನೆಯ ಪಾತ್ರದ ರಿಗ್‌ನಲ್ಲಿ, ಅಂದರೆ ಬೋನ್‌ಗಳ ಜೋಡಣೆಯಲ್ಲಿ, ಒಂದು ಅಕ್ಷರ ಬೇರೆಯಾದರೂ ಆ ಬೋನ್ ಸುಮ್ಮನೆ ನಿಲ್ಲುತ್ತದೆ. ಹೆಸರು ಸರಿಯಿದ್ದೂ ಕೈಕಾಲು ತಿರುಚಿದಂತೆ ಕಂಡರೆ ಬೋನ್‌ಗಳ ಮೂಲ ದಿಕ್ಕು ಅಥವಾ ರೋಲ್ (ಬೋನ್ ತನ್ನ ಅಕ್ಷದ ಸುತ್ತ ತಿರುಗಿರುವ ಕೋನ) ಹೊಂದುತ್ತಿಲ್ಲವೆಂದು ತಿಳಿಯಬೇಕು. 4.4 ಅಥವಾ ಅದಕ್ಕಿಂತ ಹೊಸ ಆವೃತ್ತಿ ನಿಮ್ಮಲ್ಲಿದ್ದರೆ ಆಕ್ಷನ್‌ನ ಪಕ್ಕದ ‘ಸ್ಲಾಟ್’ (ಆಕ್ಷನ್‌ನ ಯಾವ ಭಾಗ ಈ ಪಾತ್ರದ್ದು ಎಂದು ಹೇಳುವ ಜಾಗ) ಖಾಲಿಯಿದೆಯೇ ಎಂದೂ ನೋಡಿ. ಖಾಲಿಯಿದ್ದರೆ ಪಟ್ಟಿಯಿಂದ ಆರಿಸಿದ ಮೇಲಷ್ಟೇ ಪಾತ್ರ ನಡೆಯುತ್ತದೆ.

ಪಾದ ಜಾರುವುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಡಿಗೆಯ ಆಕ್ಷನ್‌ನಲ್ಲಿ ಪಾತ್ರ ನಿಂತಲ್ಲಿಯೇ ಹೆಜ್ಜೆ ಹಾಕಬೇಕು, ಮುಂದಕ್ಕೆ ಸಾಗುವ ಚಲನೆ ಅದರಲ್ಲಿ ಬೆರೆತಿರಬಾರದು. ಸಾಗುವುದನ್ನು ಇಡೀ ಆರ್ಮೇಚರ್‌ಗೆ (ಬೋನ್‌ಗಳ ಪೂರ್ತಿ ಅಸ್ಥಿಪಂಜರಕ್ಕೆ) ಬೇರೆಯಾಗಿ ಕೊಡಬೇಕು. ಸೆಕೆಂಡಿಗೆ 24 ಫ್ರೇಮ್‌ಗಳ ಚಿತ್ರದಲ್ಲಿ ಎರಡು ಹೆಜ್ಜೆಗಳ ಒಂದು ಸುತ್ತು 24 ಫ್ರೇಮ್ ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. 1ನೇ ಫ್ರೇಮಿನ ಭಂಗಿಯೇ 25ರಲ್ಲಿಯೂ ಇರಬೇಕು, ಆಗ ಸುತ್ತು ಮುರಿಯದೆ ಕೂಡಿಕೊಳ್ಳುತ್ತದೆ. ಒಂದು ಹೆಜ್ಜೆ 0.6 ಮೀಟರ್ ಆದರೆ ಒಂದು ಸುತ್ತಿಗೆ 1.2 ಮೀಟರ್, ಲಾರಿಯಿಂದ ಅಂಗಡಿಯವರೆಗಿನ 12 ಮೀಟರ್ ದಾರಿಗೆ ಹತ್ತು ಸುತ್ತು, ಅಂದರೆ 240 ಫ್ರೇಮ್, ಹತ್ತು ಸೆಕೆಂಡು. ಈ ಲೆಕ್ಕ ತಪ್ಪಿದಷ್ಟೂ ಪಾದ ಜಾರುತ್ತದೆ. ಲೆಕ್ಕ ಸರಿಯಿದ್ದೂ ದಾರಿಯ ಆರಂಭದಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಜಾರಿದರೆ ಅದಕ್ಕೆ ಕಾರಣ ಬೇರೆ: ಬ್ಲೆಂಡರ್ ತಾನಾಗಿಯೇ ಕೊಡುವ ಬೆಝಿಯರ್ ವಕ್ರರೇಖೆ ನಿಧಾನವಾಗಿ ಹೊರಟು ನಿಧಾನವಾಗಿ ನಿಲ್ಲುತ್ತದೆ, ಹೆಜ್ಜೆಗಳು ಮಾತ್ರ ಒಂದೇ ವೇಗದಲ್ಲಿ ಬೀಳುತ್ತಿರುತ್ತವೆ. ದಾರಿಯ ಕೀಫ್ರೇಮ್‌ಗಳನ್ನು ಲೀನಿಯರ್ ಮಾಡಿ; ನೆಲದ ಮೇಲಿರುವ ಪಾದ ಆಕ್ಷನ್‌ನೊಳಗೆ ಹಿಂದಕ್ಕೆ ಸರಿಯುವುದೂ ಅದೇ ಸಮವೇಗದಲ್ಲಿರಲಿ.

ಕುಳ್ಳ ಪಾತ್ರದಲ್ಲಿ ಇನ್ನೊಂದು ತೊಡಕಿದೆ. ಬೋನ್‌ಗಳ ತಿರುವು ಎತ್ತರವನ್ನು ಲೆಕ್ಕಿಸುವುದಿಲ್ಲ, ಆದರೆ ಸೊಂಟದ ಏರಿಳಿತ ಮತ್ತು ಪಾದದ ನಿಯಂತ್ರಕಗಳ ಸ್ಥಾನ ಅಳತೆಯಲ್ಲಿಯೇ ದಾಖಲಾಗಿರುತ್ತವೆ. ಇಡೀ ಆರ್ಮೇಚರನ್ನು ಸ್ಕೇಲ್ ಮಾಡಿ ಚಿಕ್ಕದಾಗಿಸಿದ್ದರೆ ಅವೂ ಜೊತೆಗೆ ಕುಗ್ಗುತ್ತವೆ, ದಾರಿಯ ವೇಗವನ್ನು ಅದೇ ಪ್ರಮಾಣದಲ್ಲಿ ಇಳಿಸಿದರೆ ಸಾಕು. ಕಾಲಿನ ಬೋನ್‌ಗಳನ್ನಷ್ಟೇ ಗಿಡ್ಡ ಮಾಡಿದ್ದರೆ ಆ ಪಾತ್ರಕ್ಕೆ ಆಕ್ಷನ್‌ನ ಪ್ರತಿ ತೆಗೆದು ತಿದ್ದುವುದೇ ಲೇಸು.

ಇಷ್ಟಾದರೂ ಒಂದೇ ನಡಿಗೆ ಸಾಲದು ಎಂಬುದು ನನ್ನ ಅಭಿಪ್ರಾಯ. ಪ್ರಾಂಗಣದಲ್ಲಿ ಚೀಲ ಹೊತ್ತವನನ್ನು ಗಮನಿಸಿ: ಮೊಣಕಾಲು ಪೂರ್ತಿ ನೆಟ್ಟಗಾಗುವುದಿಲ್ಲ, ಹೆಜ್ಜೆ ಗಿಡ್ಡ ಮತ್ತು ಚುರುಕು, ಮುಂಡ ಮುಂದಕ್ಕೆ ಬಾಗಿರುತ್ತದೆ, ಒಂದು ಕೈ ಚೀಲದ ಅಂಚನ್ನು ಹಿಡಿದಿರುವುದರಿಂದ ಬೀಸುವುದೇ ಇಲ್ಲ. ಚೀಲ ಇಳಿಸಿ ಮರಳುವವನ ತೋಳುಗಳು ಸಡಿಲವಾಗಿ ತೂಗುತ್ತವೆ. ಖಾಲಿ ನಡಿಗೆಯ ಬೆನ್ನಿಗೆ ಚೀಲವನ್ನು ಅಂಟಿಸಿದರೆ ಒಳಗೆ ಹತ್ತಿ ತುಂಬಿದಂತೆ ಕಾಣುತ್ತದೆ. ಆದ್ದರಿಂದ ಎರಡು ಆಕ್ಷನ್ ಮಾಡಿ. ತಲೆ ತಿರುಗಿಸುವುದು, ಬೆವರು ಒರೆಸುವುದು ಇಂಥವುಗಳನ್ನು ಚಿಕ್ಕ ಆಕ್ಷನ್‌ಗಳಾಗಿ ಬೇರೆ ಇಟ್ಟುಕೊಂಡು, ಎನ್‌ಎಲ್‌ಎ ಎಡಿಟರ್‌ನಲ್ಲಿ (ಆಕ್ಷನ್‌ಗಳನ್ನು ‘ಸ್ಟ್ರಿಪ್’ ಎಂಬ ಪಟ್ಟಿಗಳಾಗಿ ಕಾಲರೇಖೆಯ ಮೇಲೆ ಜೋಡಿಸುವ ಕಿಟಕಿ) ನಡಿಗೆಯ ಸ್ಟ್ರಿಪ್‌ನ ಮೇಲಿನ ಟ್ರ್ಯಾಕ್‌ನಲ್ಲಿ ಕೂಡಿಸಬಹುದು.

ಸ್ಟ್ರಿಪ್ ಮಾಡಲು ಆಕ್ಷನ್ನನ್ನು ‘ಪುಶ್ ಡೌನ್’ ಮಾಡಿ, ‘ರಿಪೀಟ್’ನಲ್ಲಿ ಸುತ್ತುಗಳ ಸಂಖ್ಯೆ ಕೊಡಿ. ಹತ್ತು ಜನರೂ 1ನೇ ಫ್ರೇಮಿನಿಂದಲೇ ಹೊರಟರೆ ಪೊಲೀಸ್ ಕವಾಯತಿನಂತಾಗುತ್ತದೆ, ಹಾಗಾಗಿ ಒಬ್ಬನನ್ನು 5 ಫ್ರೇಮ್, ಇನ್ನೊಬ್ಬನನ್ನು 11 ಫ್ರೇಮ್ ಹಿಂದೆ ಸರಿಸಿ; ಒಬ್ಬಿಬ್ಬರ ಸ್ಟ್ರಿಪ್‌ನ ಸ್ಕೇಲನ್ನು 1.1 ಮಾಡಿ ಸಾವಕಾಶ ನಡೆಸಿ. ಸ್ಕೇಲ್ ಬದಲಿಸಿದವರ ದಾರಿಯ ಅವಧಿಯನ್ನೂ 240ರಿಂದ 264 ಫ್ರೇಮ್‌ಗಳಿಗೆ ಹಿಗ್ಗಿಸಬೇಕು, ಇಲ್ಲವಾದರೆ ಜಾರುವಿಕೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಹಂಚಿಕೊಂಡ ಆಕ್ಷನ್ನನ್ನು ಒಬ್ಬನಲ್ಲಿ ತಿದ್ದಿದರೆ ಎಲ್ಲರಲ್ಲಿಯೂ ಬದಲಾಗುತ್ತದೆ. ಆಕ್ಷನ್‌ನ ಹೆಸರಿನ ಪಕ್ಕ ಕಾಣುವ ಅಂಕಿ ಎಷ್ಟು ಕಡೆ ಅದು ಬಳಕೆಯಲ್ಲಿದೆ ಎಂಬುದನ್ನು ತೋರಿಸುತ್ತದೆ. ಅದನ್ನು ಒತ್ತಿದರೆ ಆ ಪಾತ್ರಕ್ಕೆ ಸ್ವಂತ ಪ್ರತಿ ಸಿಗುತ್ತದೆ. ಅಲ್ಲಿಯೇ ಇರುವ ಗುರಾಣಿಯ ಚಿಹ್ನೆ ‘ಫೇಕ್ ಯೂಸರ್’. ಸದ್ಯ ಯಾರಿಗೂ ಜೋಡಿಸದ ಆಕ್ಷನ್‌ಗೆ ಅದನ್ನು ಒತ್ತದೆ ಫೈಲ್ ಉಳಿಸಿ ಮುಚ್ಚಿದರೆ, ಮತ್ತೆ ತೆರೆದಾಗ ಆ ಆಕ್ಷನ್ ಇರುವುದಿಲ್ಲ.