ಇಂಧನವೇ ಬೇರೆ, ಶಕ್ತಿಯೇ ಬೇರೆ

ಮೊನ್ನೆ ಒಂದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ರಟ್ಟಿನ ಗಾಳಿಯಂತ್ರದ ಪಕ್ಕ ನಿಂತು, ಗೋಡೆಯ ಚಾರ್ಟನ್ನು ಕಡ್ಡಿಯಿಂದ ತೋರಿಸುತ್ತ ಒಂದೇ ಉಸಿರಿನಲ್ಲಿ ಒಪ್ಪಿಸಿದಳು: "ಇಂಧನದ ರೂಪಗಳು ಶಾಖ, ಬೆಳಕು, ಶಬ್ದ ಮತ್ತು ವಿದ್ಯುತ್. ಇಂಧನದ ಮೂಲಗಳು ಸೂರ್ಯ, ಗಾಳಿ, ನೀರು, ಕಲ್ಲಿದ್ದಲು ಮತ್ತು ವಿದ್ಯುತ್."

"ಗಾಳಿ ಇಂಧನವಾದರೆ ಅದನ್ನು ಎಲ್ಲಿ ಉರಿಸುತ್ತಾರಮ್ಮ?" ಎಂದು ಕೇಳಿದೆ. ಅವಳು ತನ್ನ ರಟ್ಟಿನ ರೆಕ್ಕೆಗಳನ್ನೊಮ್ಮೆ, ಚಾರ್ಟನ್ನೊಮ್ಮೆ ನೋಡಿ ಸುಮ್ಮನಾದಳು. ತಪ್ಪು ಅವಳದಲ್ಲ. "ಸೌರ ಇಂಧನ", "ಪವನ ಇಂಧನ", "ನವೀಕರಿಸಬಹುದಾದ ಇಂಧನ" ಎಂದು ಪತ್ರಿಕೆಗಳಲ್ಲಿ ಓದಿ ಓದಿ ದೊಡ್ಡವರಿಗೇ ಅದು ಸರಿ ಎನಿಸಿಬಿಟ್ಟಿದೆ. ರಾಜ್ಯದ ವಿದ್ಯುತ್ ವ್ಯವಹಾರ ನೋಡುವ ಇಲಾಖೆಯ ಹೆಸರೇ ಇಂಧನ ಇಲಾಖೆ. ಇಲಾಖೆಯ ಹೆಸರು ಹಾಗೇ ಇರಲಿ. ಅದು ಮಕ್ಕಳ ವಿಜ್ಞಾನದ ಪಾಠಕ್ಕೆ ನುಗ್ಗುವುದನ್ನು ಮಾತ್ರ ಒಪ್ಪಲಾಗದು.

ಇಂಧನ ಸಂಸ್ಕೃತದ 'ಇಂಧ್' ಧಾತುವಿನಿಂದ ಬಂದ ಪದ. ಇಂಧ್ ಎಂದರೆ ಹೊತ್ತಿಸು, ಉರಿಸು. ಹೋಮಕುಂಡಕ್ಕೆ ಹಾಕುವ ಸಮಿಧೆ ಇದೇ ಧಾತುವಿನದು. 'ಸಮ್' ಎಂಬ ಉಪಸರ್ಗ ಸೇರಿ ಸಮಿಧ್ ಆಗಿ, ನಮ್ಮಲ್ಲಿ ಸಮಿಧೆ ಆಯಿತು. ಉರಿಸುವುದಕ್ಕೆಂದು ಇರುವ ವಸ್ತು ಇಂಧನ. ಕನ್ನಡಕ್ಕೆ ಈ ಅರ್ಥ ಹೊಸದೇನೂ ಅಲ್ಲ, ನಮ್ಮಲ್ಲಿ 'ಉರುವಲು' ಎಂಬ ಅಚ್ಚಗನ್ನಡ ಪದವೇ ಇದೆ, ಅದರೊಳಗೆ ಉರಿ ಕಣ್ಣಿಗೆ ಕಾಣುವಂತೆ ಕುಳಿತಿದೆ. ಸೌದೆ, ಬೆರಣಿ, ಸೀಮೆಎಣ್ಣೆ, ಪೆಟ್ರೋಲ್, ಅಡುಗೆ ಅನಿಲ ಎಲ್ಲವೂ ಇಂಧನಗಳೇ. ಅನುಮಾನ ಬಂದ ಕಡೆಯೆಲ್ಲ ಇಂಧನ ತೆಗೆದು ಉರುವಲು ಎಂದು ಹಾಕಿ ಓದಿ ನೋಡಬಹುದು. "ಪವನ ಉರುವಲು" ಎಂದು ಬರೆಯಲು ಯಾರ ಕೈಯೂ ಏಳುವುದಿಲ್ಲ. ಯುರೇನಿಯಂ ವಿಷಯದಲ್ಲಿ ಮಾತ್ರ ಸ್ವಲ್ಪ ಸಡಿಲ ಬಿಡಬೇಕು. ಕೈಗಾದಲ್ಲಿ ಅದು ಬೆಂಕಿಯಾಗಿ ಉರಿಯುವುದಿಲ್ಲ, ಅದರ ಪರಮಾಣುವಿನ ಬೀಜಕೇಂದ್ರ ಸೀಳುತ್ತದೆ. ಆದರೂ ಸೌದೆಯ ಹಾಗೆಯೇ ತುಂಬಿಸಬೇಕು, ಸೌದೆಯ ಹಾಗೆಯೇ ವ್ಯಯವಾಗುತ್ತದೆ, ಆದ್ದರಿಂದ 'ಪರಮಾಣು ಇಂಧನ' ಎನ್ನುವುದಕ್ಕೆ ಅಡ್ಡಿಯಿಲ್ಲ.

ಇಂಧನ ವಸ್ತು. ಅದಕ್ಕೆ ತೂಕವಿದೆ, ಬೆಲೆಯಿದೆ. ಮನೆಗೆ ಬರುವ ಸಿಲಿಂಡರಿನಲ್ಲಿ ಅದು 14.2 ಕಿಲೋ ಇರುತ್ತದೆ. ಶಕ್ತಿಯನ್ನು ಹಾಗೆ ಚೀಲದಲ್ಲಿ ಕಟ್ಟಿಡಲು ಬರುವುದಿಲ್ಲ. ಶಕ್ತಿಯ ಧಾತು 'ಶಕ್', ಅಂದರೆ ಆಗು, ಸಾಧ್ಯವಾಗು. ಶಕ್ತ, ಅಶಕ್ತ, ಶಕ್ಯ, ಯಥಾಶಕ್ತಿ ಎಲ್ಲ ಅದೇ ಬಳ್ಳಿಯ ಕಾಯಿಗಳು. ಇದಕ್ಕೂ ಹಳಗನ್ನಡದಲ್ಲಿ ಸಾಟಿಯಾದ ಧಾತುವಿತ್ತು: 'ಆರ್'. ಅದರಿಂದ ಆದದ್ದು ಆರ್ಪು, ಸಾಮರ್ಥ್ಯ. ಆರ್ಪು ಈಗ ನಿಘಂಟಿನಲ್ಲಷ್ಟೇ ಉಳಿದಿದೆ, ಆದರೆ "ಬರಲಾರೆ", "ಹೇಳಲಾರೆ" ಎನ್ನುವಾಗಲೆಲ್ಲ ಆ ಧಾತುವನ್ನೇ ನಿಷೇಧರೂಪದಲ್ಲಿ ಆಡುತ್ತಿರುತ್ತೇವೆ. ಕೆಲಸ ಮಾಡಲು ಆಗುವಿಕೆ, ಅದೇ ಶಕ್ತಿ. ವಿಜ್ಞಾನ ಇದಕ್ಕೆ ಸೇರಿಸಿದ್ದು ಅಳತೆಯನ್ನು, ಆ ಅಳತೆಯ ಮಾನ ಜೂಲ್.

ಹತ್ತು ಮೀಟರ್ ಆಳದಿಂದ ಹತ್ತು ಲೀಟರ್ ನೀರು ಸೇದುವುದನ್ನು ನೋಡೋಣ. ಬಿಂದಿಗೆ ಬಾವಿಕಟ್ಟೆಗೆ ಬರುವಷ್ಟರಲ್ಲಿ ನೀರನ್ನು ಮೇಲೆತ್ತಲು ಸುಮಾರು 1,000 ಜೂಲ್ ಸಂದಿರುತ್ತದೆ. ಒಂದು ಗ್ರಾಂ ಬೆಲ್ಲದಿಂದ ದೇಹಕ್ಕೆ ಸಿಗುವುದು ಸುಮಾರು 16,000 ಜೂಲ್. ನಮ್ಮ ಸ್ನಾಯುಗಳು ಅದರಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸಕ್ಕೆ ತಿರುಗಿಸುತ್ತವೆ, ಉಳಿದದ್ದು ಮೈ ಬಿಸಿಯಾಗುವುದಕ್ಕೆ ಹೋಗುತ್ತದೆ. ಹಗ್ಗದ ಭಾರವನ್ನೂ ರಾಟೆಯ ಘರ್ಷಣೆಯನ್ನೂ ಬದಿಗಿಟ್ಟರೆ ಒಂದು ಗ್ರಾಂ ಬೆಲ್ಲಕ್ಕೆ ನಾಲ್ಕು ಬಿಂದಿಗೆ ನೀರು. ಇಲ್ಲಿ ಬೆಲ್ಲ ಇಂಧನ, ಅದರಲ್ಲಿ ಅಡಗಿದ್ದದ್ದು ರಾಸಾಯನಿಕ ಶಕ್ತಿ, ಮೇಲೇರುತ್ತಿರುವ ಬಿಂದಿಗೆಯಲ್ಲಿದ್ದದ್ದು ಚಲನಶಕ್ತಿ, ಕಟ್ಟೆಯ ಮೇಲೆ ಕುಳಿತ ನೀರಿನಲ್ಲಿ ಉಳಿದದ್ದು ಪ್ರಚ್ಛನ್ನ ಶಕ್ತಿ. ರೂಪಗಳು ಎಂದರೆ ಇವು. ಶಾಖ, ಬೆಳಕು, ಶಬ್ದ, ವಿದ್ಯುತ್ ಇದೇ ಸಾಲಿನವು.

ಇನ್ನು 'ಮೂಲ'. ಚಾರ್ಟಿನಲ್ಲಿ ವಿದ್ಯುತ್ ಎರಡೂ ಪಟ್ಟಿಗಳಲ್ಲಿತ್ತು, ಈ ಗೊಂದಲವಂತೂ ಎಲ್ಲೆಡೆ ಕಾಣುತ್ತದೆ. ಕಾವೇರಿಯ ಮೂಲ ತಲಕಾವೇರಿ. ಬೆಂಗಳೂರಿನ ನಲ್ಲಿಯಲ್ಲಿ ಕಾವೇರಿ ನೀರು ಬರುತ್ತದೆಂದು ಆ ನಲ್ಲಿಯನ್ನು ಯಾರಾದರೂ ಕಾವೇರಿಯ ಮೂಲ ಎನ್ನುತ್ತಾರೆಯೇ? ಗೋಡೆಯ ಪ್ಲಗ್ಗು ಆ ನಲ್ಲಿಯಂಥದ್ದು. ವಿದ್ಯುತ್ ಶಕ್ತಿಯನ್ನು ಹೊತ್ತು ತರುತ್ತದೆ, ಅದರ ಮೂಲ ಬೇರೆಲ್ಲೋ ಇರುತ್ತದೆ. ಬ್ಯಾಟರಿಯೂ ಹಾಗೆಯೇ, ಚಾರ್ಜ್ ಮಾಡುವಾಗ ತುಂಬಿದ್ದನ್ನಷ್ಟೇ ಅದು ಮರಳಿ ಕೊಡುತ್ತದೆ.

ಮೂಲ ಹುಡುಕಬೇಕಾದರೆ ತಂತಿ ಹಿಡಿದು ಹಿಂದಕ್ಕೆ ನಡೆಯಬೇಕು. ಅಡುಗೆಮನೆಯ ಮಿಕ್ಸಿಯಲ್ಲಿ ಚಟ್ನಿ ತಿರುಗುತ್ತಿದೆ. ತಂತಿ ಶರಾವತಿ ವಿದ್ಯುದಾಗಾರಕ್ಕೆ ಮುಟ್ಟಿತು ಎಂದುಕೊಳ್ಳೋಣ. ಅಲ್ಲಿ ಜನರೇಟರನ್ನು ತಿರುಗಿಸುವುದು ಟರ್ಬೈನ್, ಟರ್ಬೈನನ್ನು ತಿರುಗಿಸುವುದು ಬೆಟ್ಟದಿಂದ ದೊಡ್ಡ ಕೊಳವೆಗಳಲ್ಲಿ ಇಳಿಯುವ ನೀರು. ನೀರು ಬಂದದ್ದು ತಳಕಳಲೆಯಿಂದ, ತಳಕಳಲೆಗೆ ಲಿಂಗನಮಕ್ಕಿಯಿಂದ, ಲಿಂಗನಮಕ್ಕಿಗೆ ಮಲೆನಾಡಿನ ಮಳೆಯಿಂದ. ಕಡಲಿನ ನೀರನ್ನು ಆವಿಯಾಗಿ ಎತ್ತಿ, ಮಳೆಯಾಗಿ ಘಟ್ಟದ ಮೇಲೆ ಸುರಿಯುವಂತೆ ಮಾಡಿದ್ದು ಬಿಸಿಲು. ಅಲ್ಲಿಗೆ ಚಟ್ನಿಯನ್ನು ಅರೆದದ್ದು ಸೂರ್ಯ. ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲಿನ ಹಿಂದೆಯೂ ಸೂರ್ಯನೇ ಇದ್ದಾನೆ, ಕೋಟ್ಯಂತರ ವರ್ಷಗಳ ಹಿಂದಿನ ಕಾಡುಗಳ ಮೇಲೆ ಬಿದ್ದ ಬಿಸಿಲು ಅದು. ಕೈಗಾದ ಯುರೇನಿಯಂಗೆ ಮಾತ್ರ ನಮ್ಮ ಸೂರ್ಯನ ಹಂಗಿಲ್ಲ.

ನೀರು ಇಂಧನವಲ್ಲ ಎಂಬುದೂ ಶರಾವತಿಯಲ್ಲೇ ಕಾಣುತ್ತದೆ. ಕಲ್ಲಿದ್ದಲು ಒಲೆಯಿಂದ ಬೂದಿಯಾಗಿ ಹೊರಬರುತ್ತದೆ. ಟರ್ಬೈನ್ ತಿರುಗಿಸಿದ ನೀರು ನೀರಾಗಿಯೇ ಹೊರಬಿದ್ದು, ಮುಂದೆ ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ ಟರ್ಬೈನ್ ತಿರುಗಿಸಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಅದು ಕಳೆದುಕೊಂಡದ್ದು ಎತ್ತರವನ್ನು ಮಾತ್ರ.

ವರ್ಗಾವಣೆಗೂ ರೂಪಾಂತರಕ್ಕೂ ವ್ಯತ್ಯಾಸವಿದೆ, ಇದನ್ನು ಬೇಗ ಹೇಳಿ ಮುಗಿಸಬಹುದು. ಶಿಕ್ಷಕರಿಗೆ ವರ್ಗವಾದರೆ ಊರು ಬದಲಾಗುತ್ತದೆ, ಶಿಕ್ಷಕರು ಅವರೇ. ಕೇರಂ ಸ್ಟ್ರೈಕರ್ ಕಾಯಿಗೆ ತಾಗಿ ತಾನು ನಿಧಾನವಾಗಿ ಕಾಯಿ ಓಡಿದರೆ ಅದು ವರ್ಗಾವಣೆ, ಚಲನಶಕ್ತಿ ಚಲನಶಕ್ತಿಯಾಗಿಯೇ ಕೈಬದಲಾಯಿಸಿತು. ಹಾಲು ಹೆಪ್ಪಾಗಿ ಮೊಸರಾದಂತೆ ರೂಪವೇ ಬದಲಾದರೆ ರೂಪಾಂತರ. ಮಿಕ್ಸಿಯಲ್ಲಿ ವಿದ್ಯುತ್ತು ತಿರುಗುವಿಕೆಯಾಗುವುದು ಆ ಬಗೆಯದು. "ಶಕ್ತಿ ಉತ್ಪಾದನೆ" ಎಂಬ ಮಾತು ಸಲ್ಲದಿರುವುದೂ ಇದರಿಂದಲೇ. ವಿದ್ಯುತ್ತನ್ನು ಉತ್ಪಾದಿಸಬಹುದು, ಏಕೆಂದರೆ ಅದು ಇನ್ನೊಂದು ರೂಪದಿಂದ ಆಗುತ್ತದೆ. ಶಕ್ತಿಯನ್ನು ಯಾವ ಕಾರ್ಖಾನೆಯೂ ಉತ್ಪಾದಿಸುವುದಿಲ್ಲ.

"ದಿನಕ್ಕೆ 1,035 ಮೆಗಾವ್ಯಾಟ್ ವಿದ್ಯುತ್ ಉತ್ಪಾದನೆ" ಎಂಬ ಸಾಲೂ ಪದೇಪದೇ ಕಣ್ಣಿಗೆ ಬೀಳುತ್ತದೆ. 1,035 ಮೆಗಾವ್ಯಾಟ್ ಎಂಬುದು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ. ಯಂತ್ರದ ಸಾಮರ್ಥ್ಯವೆಂದರೆ ಅದು ಶಕ್ತಿ ಕೊಡುವ ವೇಗ, ಸೆಕೆಂಡಿಗೆ ಎಷ್ಟು ಜೂಲ್ ಎಂಬ ಲೆಕ್ಕ. "ದಿನಕ್ಕೆ" ಎಂಬುದು ಅಲ್ಲಿ "ಬಸ್ಸು ದಿನಕ್ಕೆ ಗಂಟೆಗೆ 60 ಕಿಲೋಮೀಟರ್ ಓಡುತ್ತದೆ" ಎಂದಷ್ಟೇ ಅಸಂಬದ್ಧ. ಅಷ್ಟೂ ಯಂತ್ರಗಳು ಪೂರ್ತಿ ಒಂದು ಗಂಟೆ ನಡೆದರೆ ಸಿಗುವ ಶಕ್ತಿ 10.35 ಲಕ್ಷ ಯೂನಿಟ್. ಬಿಲ್ಲಿನಲ್ಲಿ ನಾವು ಹಣ ಕೊಡುವ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್, ಆ ಬಾವಿಯಿಂದ 3,600ಕ್ಕೂ ಹೆಚ್ಚು ಬಿಂದಿಗೆ ಸೇದುವಷ್ಟು.

ಹೊರಡುವಾಗ ಆ ಹುಡುಗಿ ತಾನಾಗಿಯೇ ಕೇಳಿದಳು: "ಶಕ್ತಿ ನಾಶವಾಗುವುದಿಲ್ಲ ಎಂದು ಮಿಸ್ ಹೇಳಿದ್ದಾರೆ. ಹಾಗಾದರೆ ಉಳಿಸಿ ಎಂದು ಯಾಕೆ ಬರೆಯುತ್ತಾರೆ ಸರ್?" ಚಾರ್ಟಿನ ಎಲ್ಲ ಸಾಲುಗಳಿಗಿಂತ ಒಳ್ಳೆಯ ಪ್ರಶ್ನೆ. ಕನ್ನಡದಲ್ಲಿ ಎರಡಕ್ಕೂ 'ಶಕ್ತಿ ಸಂರಕ್ಷಣೆ' ಎಂಬ ಒಂದೇ ಹೆಸರಿರುವುದು ಅವಳನ್ನು ಕಾಡಿತ್ತು. ನಿಯಮದಲ್ಲಿ ಸಂರಕ್ಷಣೆ ಎಂದರೆ ಒಟ್ಟು ಮೊತ್ತ ಬದಲಾಗದು ಎಂದು ಅರ್ಥ. ಡಿಸೆಂಬರ್ 14ರ ಸಂರಕ್ಷಣಾ ದಿನದ ಫಲಕದಲ್ಲಿ ಮಿತವಾಗಿ ಬಳಸಿ ಎಂದು ಅರ್ಥ. ಮನೆಗೆ ಹೋಗಿ, ಅಮ್ಮ ಚಟ್ನಿ ಅರೆದು ಮುಗಿಸಿದ ಕೂಡಲೇ ಮಿಕ್ಸಿಯ ಹೊಟ್ಟೆಯನ್ನು ಮುಟ್ಟಿ ನೋಡು ಎಂದೆ. ಬೆಚ್ಚಗಿರುತ್ತದೆ. ಲಿಂಗನಮಕ್ಕಿಯಿಂದ ಬಂದ ಶಕ್ತಿ ಒಂದು ಜೂಲೂ ನಾಶವಾಗದೆ ಆ ಬೆಚ್ಚನೆಯಲ್ಲಿ, ತಂತಿಗಳ ಬಿಸಿಯಲ್ಲಿ, ಅಡುಗೆಮನೆಯ ಗಾಳಿಯಲ್ಲಿ ಹರಡಿಕೊಂಡಿದೆ. ಅದನ್ನು ಮತ್ತೆ ಒಟ್ಟುಗೂಡಿಸಿ ನಾಳೆಯ ಚಟ್ನಿ ಅರೆಯಲು ಬರುವುದಿಲ್ಲ.