ಉಡಿಯ ಕೊಬ್ಬರಿ ಬಟ್ಟಲು ಮತ್ತು ಸಂಬಳವಿಲ್ಲದ ಕಮಿಟಿ

ಎರಡು ವರ್ಷದ ಹಿಂದೆ ತಂಗಿ ಶ್ರಾವಣಕ್ಕೆ ತವರಿಗೆ ಬಂದಿದ್ದಳು. ವಾಪಸ್ ಬೆಂಗಳೂರಿಗೆ ಹೊರಟಾಗ ಅವ್ವ ಉಡಿ ತುಂಬಿದಳು. ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಎರಡು ಕೊಬ್ಬರಿ ಬಟ್ಟಲು. ಉಡಿ ಗಂಟನ್ನು ಲಗೇಜಿಗೆ ಹಾಕಬಾರದು, ಕೈಯಲ್ಲೇ ಒಯ್ಯಬೇಕು ಅನ್ನುವುದು ಅವ್ವನ ಕಟ್ಟಪ್ಪಣೆ. ನಾನೂ ಜೊತೆಗೆ ಹೊರಟಿದ್ದೆ. ನಿಲ್ದಾಣ ಯಾವುದು ಅಂತ ಬೇಡ ಬಿಡಿ, ಎಕ್ಸ್‌ರೇ ಮಷಿನ್‌ನಿಂದ ಹೊರಬಂದ ಬ್ಯಾಗು ನಮ್ಮ ಕಡೆ ಬರದೆ ಪಕ್ಕಕ್ಕೆ ಹೋಗಿ ನಿಂತಿತು.

‘ಅಕ್ಕಾರ, ಕೊಬ್ಬರಿ ಒಯ್ಯಾಕ ಬರೂದಿಲ್ರಿ. ಅಕ್ಕಿ, ಉತ್ತತ್ತಿ ಬೇಕಾದ್ರ ಒಯ್ರಿ.’

‘ಉಡ್ಯಾಗಿನದ್ರಿ ಅದು.’

‘ಗೊತ್ತೈತ್ರಿ. ನಮ್ಮ ಮನ್ಯಾಗೂ ತುಂಬ್ತಾರ.’

ತಪಾಸಣೆಗೆ ನಿಂತಿದ್ದ ಆ ಹೆಣ್ಣುಮಗಳು ಎರಡೂ ಬಟ್ಟಲನ್ನು ಎತ್ತಿ ಬುಟ್ಟಿಗೆ ಹಾಕಿದಳು. ಬಿಸಾಡಲಿಲ್ಲ, ಮೆಲ್ಲಗೆ ಇಟ್ಟಳು. ಬುಟ್ಟಿಯಲ್ಲಿ ಅದಾಗಲೇ ಒಂದು ಲೈಟರ್, ಅರ್ಧ ಬಾಟಲಿ ಉಪ್ಪಿನಕಾಯಿ, ಬೇರೆ ಯಾರದೋ ಮನೆಯ ಇನ್ನೊಂದು ಕೊಬ್ಬರಿ ಬಟ್ಟಲು ಇತ್ತು.

ನಿಯಮ ಸುಮ್ನೆ ಮಾಡಿದ್ದಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ರಾಶಿ ಹಾಕಿದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಅನ್ನುವ ನಂಬರೇ ಇದೆ. ಅದೆಲ್ಲ ಸರಿ. ಆದರೆ ಎರಡು ಬಟ್ಟಲಿಗೂ ಒಂದು ಲೋಡಿಗೂ ಒಂದೇ ನಿಯಮವಾ? ಇದನ್ನು ಬರೆಯುವಾಗ ಉಡಿ ತುಂಬಿಸಿಕೊಂಡು ಹೊರಡುವವರನ್ನು ಯಾರಾದರೂ ಕೇಳಿದ್ದರಾ?

ಕೇಳಿದರೆ ದಾರಿ ಸಿಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಶಬರಿಮಲೆಗೆ ಹೋಗುವ ಅಯ್ಯಪ್ಪ ಭಕ್ತರ ಇರುಮುಡಿಯಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ ಇರುತ್ತದೆ. ಅದನ್ನು ವಿಮಾನದಲ್ಲಿ ಕೈಚೀಲದ ಜೊತೆ ಒಯ್ಯುವ ಹಾಗಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆ ಯಾತ್ರೆಯ ಕಾಲಕ್ಕೆ, ಅಂದರೆ 2025ರ ಜನವರಿ 20ರವರೆಗೆ, ಅದಕ್ಕೆ ಅವಕಾಶ ಕೊಟ್ಟಿತು. ಎಕ್ಸ್‌ರೇ ಆಗಬೇಕು, ಸ್ಫೋಟಕದ ಪರೀಕ್ಷೆ ಆಗಬೇಕು, ಕೈಯಿಂದ ಮುಟ್ಟಿ ನೋಡಬೇಕು. ಆಮೇಲೆ ಕಾಯಿ ವಿಮಾನ ಹತ್ತಬಹುದು. ಅಯ್ಯಪ್ಪ ಭಕ್ತರು ಲಕ್ಷಗಟ್ಟಲೆ ಇದ್ದಾರೆ, ಅವರ ಮಾತು ದಿಲ್ಲಿಗೆ ಮುಟ್ಟುತ್ತದೆ. ಉಡಿ ತುಂಬಿಸಿಕೊಂಡ ಹೆಣ್ಣುಮಕ್ಕಳಿಗೆ ಸಂಘವೇ ಇಲ್ಲ.

ಹೀಗೆ ಮಾತು ಮುಟ್ಟಿಸುವುದಕ್ಕೇ ಅಂತ ಒಂದು ಕಾಯಂ ಕಮಿಟಿಯನ್ನು ಅಮೆರಿಕ ಮಾಡಿಕೊಂಡಿತು. ವಿಮಾನಯಾನ ಭದ್ರತಾ ಸಲಹಾ ಸಮಿತಿ ಅಂತ ಹೆಸರು. ಸದಸ್ಯರಿಗೆ ಸಂಬಳವಿಲ್ಲ, ಭತ್ಯೆಯಿಲ್ಲ. ಆ ಕಮಿಟಿ ಹುಟ್ಟಿದ ಕಥೆ ಒಂದು ಸೂಟ್‌ಕೇಸಿನಿಂದ ಶುರುವಾಗುತ್ತದೆ. ಸರಿಯಾಗಿ ಹೇಳಬೇಕೆಂದರೆ ಎರಡು ಸೂಟ್‌ಕೇಸಿನಿಂದ.

ಮೊದಲನೆಯದು ನಮ್ಮದು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡ್ ಹತ್ತಿರ ಆಕಾಶದಲ್ಲೇ ಒಡೆದುಹೋಯಿತು. 329 ಜನ ಸತ್ತರು. ಕೆನಡಾದಲ್ಲಿ ಒಬ್ಬ ಸೂಟ್‌ಕೇಸನ್ನು ವಿಮಾನಕ್ಕೆ ಹಾಕಿಸಿ, ತಾನು ಹತ್ತದೆ ಉಳಿದಿದ್ದ. ಟೊರಾಂಟೊದಲ್ಲಿ ಅವತ್ತು ಎಕ್ಸ್‌ರೇ ಮಷಿನ್ ಕೆಟ್ಟು ನಿಂತಿತ್ತು. ಮಾಲೀಕ ಹತ್ತದಿದ್ದರೆ ಅವನ ಪೆಟ್ಟಿಗೆಯೂ ಹತ್ತಬಾರದು ಅನ್ನುವ ಪಾಠಕ್ಕೆ ಇಷ್ಟು ಜೀವ ಸಾಕಿತ್ತು. ಸಾಕಾಗಲಿಲ್ಲ. ಮೂರು ವರ್ಷದ ಮೇಲೆ, 1988ರ ಡಿಸೆಂಬರ್ 21ರಂದು, ಲಂಡನ್ನಿನಿಂದ ನ್ಯೂಯಾರ್ಕ್‌ಗೆ ಹೊರಟ ಪ್ಯಾನ್ ಆಮ್ 103 ವಿಮಾನ ಸ್ಕಾಟ್ಲೆಂಡಿನ ಲಾಕರ್‌ಬಿ ಅನ್ನುವ ಸಣ್ಣ ಊರಿನ ಮೇಲೆ ಬಿತ್ತು. ಒಳಗಿದ್ದ 259 ಜನ, ಕೆಳಗೆ ಮನೆಯಲ್ಲಿದ್ದ 11 ಜನ ಹೋದರು. ಮತ್ತೆ ಅದೇ, ಮಾಲೀಕನಿಲ್ಲದ ಸೂಟ್‌ಕೇಸು. ಬಾಂಬು ಕ್ಯಾಸೆಟ್ ರೇಡಿಯೋದ ಒಳಗಿತ್ತು.

ಸತ್ತವರ ಮನೆಯವರ ಹೊಟ್ಟೆ ಉರಿಸಿದ್ದು ಇನ್ನೊಂದು ವಿಷಯ. ಆ ತಿಂಗಳ 5ರಂದು ಹೆಲ್ಸಿಂಕಿಯ ಅಮೆರಿಕನ್ ರಾಯಭಾರ ಕಚೇರಿಗೆ ಒಂದು ಫೋನ್ ಬಂದಿತ್ತು, ಪ್ಯಾನ್ ಆಮ್ ವಿಮಾನಕ್ಕೆ ಬಾಂಬ್ ಇಡುತ್ತಾರೆ ಅಂತ. ಆ ಕರೆ ಹುಸಿ ಅಂತ ತನಿಖೆಯವರು ಆಮೇಲೆ ಹೇಳಿದರು. ಆದರೆ ಕರೆ ಬಂದಾಗ ಮಾಸ್ಕೋದ ರಾಯಭಾರ ಕಚೇರಿಯ ನೋಟಿಸ್ ಬೋರ್ಡಿಗೆ ಆ ಎಚ್ಚರಿಕೆಯನ್ನು ಅಂಟಿಸಿದ್ದರು. ಸರ್ಕಾರಿ ನೌಕರರು ಓದಿಕೊಂಡರು. ದುಡ್ಡು ಕೊಟ್ಟು ಟಿಕೆಟ್ ತೆಗೆಸಿದ ಸಾಮಾನ್ಯರಿಗೆ ಯಾರೂ ಹೇಳಲಿಲ್ಲ. ಆ ವಿಮಾನದಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ 35 ವಿದ್ಯಾರ್ಥಿಗಳಿದ್ದರು, ಕ್ರಿಸ್‌ಮಸ್‌ಗೆ ಮನೆಗೆ ಹೊರಟವರು.

ಮನೆಯವರು ಸುಮ್ಮನೆ ಕೂರಲಿಲ್ಲ. ಅವರು ಬೆನ್ನು ಹತ್ತಿದ್ದಕ್ಕೇ ಅಮೆರಿಕದ ಅಧ್ಯಕ್ಷರು ತನಿಖಾ ಆಯೋಗ ಮಾಡಬೇಕಾಯಿತು, 1990ರಲ್ಲಿ ಹೊಸ ಕಾನೂನು ಬಂತು. ಈ ಸಲಹಾ ಸಮಿತಿ ಅದಕ್ಕೂ ಮೊದಲೇ, 1989ರಲ್ಲಿ ಶುರುವಾಗಿತ್ತು. 2001ರ ಸೆಪ್ಟೆಂಬರ್ 11 ಆದಮೇಲೆ ಅಮೆರಿಕ ಭದ್ರತೆಗೆ ಟಿಎಸ್‌ಎ ಅನ್ನುವ ಬೇರೆ ಇಲಾಖೆಯನ್ನೇ ಕಟ್ಟಿತು. ಕಮಿಟಿ ಅದರ ಕೈಕೆಳಗೆ ಬಂತು. ಮುಂದೆ ಕೆಲವು ವರ್ಷ ಅದು ಮಲಗಿಯೇಬಿಟ್ಟಿತ್ತು. 2011ರಲ್ಲಿ ಮತ್ತೆ ಎಬ್ಬಿಸಿದರು.

ಎಬ್ಬಿಸಿದರೇನು, ಕೇಳಬೇಕಲ್ಲ! 2013ರ ಮಾರ್ಚ್‌ನಲ್ಲಿ ಟಿಎಸ್‌ಎ ಒಂದು ಘೋಷಣೆ ಮಾಡಿತು. ಸುಮಾರು 6 ಸೆಂಟಿಮೀಟರ್‌ವರೆಗಿನ ಅಲಗಿನ ಸಣ್ಣ ಚಾಕುಗಳನ್ನು ಇನ್ನು ಮೇಲೆ ವಿಮಾನದ ಒಳಗೆ ಒಯ್ಯಬಹುದು ಅಂತ. ಲೆಕ್ಕಾಚಾರ ತಪ್ಪೇನಲ್ಲ. ಪೈಲಟ್ ಕೋಣೆಯ ಬಾಗಿಲು ಈಗ ಗಟ್ಟಿ, ಸಣ್ಣ ಚಾಕು ಹುಡುಕುವ ಸಮಯದಲ್ಲಿ ಬಾಂಬು ಹುಡುಕಬಹುದು. ಆದರೆ ಆ ಗಟ್ಟಿ ಬಾಗಿಲಿನ ಈಚೆ ಇರುವವರು ಗಗನಸಖಿಯರು. ಕುಡಿದು ರಂಪ ಮಾಡುವ ಪ್ರಯಾಣಿಕನ ಎದುರು ಬರಿಗೈಯಲ್ಲಿ ನಿಲ್ಲುವವರು. ಅವರು ಸಿಡಿದೆದ್ದರು. ಜೂನ್ ಹೊತ್ತಿಗೆ ಟಿಎಸ್‌ಎ ಹಿಂದೆ ಸರಿಯಿತು. ನಿರ್ಧಾರಕ್ಕೆ ಮುಂಚೆ ಸಲಹಾ ಸಮಿತಿಯನ್ನು ಸರಿಯಾಗಿ ಕೇಳಿರಲಿಲ್ಲ ಅಂತ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರೂ ಆಮೇಲೆ ಬರೆದರು.

2014ರ ಡಿಸೆಂಬರ್‌ನಲ್ಲಿ ಕಮಿಟಿಯನ್ನು ಕಾನೂನಿನಲ್ಲೇ ಬರೆದಿಟ್ಟರು. ಗರಿಷ್ಠ 34 ಸದಸ್ಯರು, ಅವಧಿ ಎರಡು ವರ್ಷ. ವಿಮಾನ ಕಂಪನಿ, ಸರಕು ವಿಮಾನದವರು, ನಿಲ್ದಾಣ ನಡೆಸುವವರು, ನೌಕರರ ಸಂಘಗಳು, ವಿಮಾನ ತಯಾರಕರು, ಜನರ ಖಾಸಗಿತನದ ಪರವಾಗಿ ಮಾತಾಡುವವರು, ಹೀಗೆ ಒಂದೊಂದು ಗುಂಪಿಗೆ ಒಂದೊಂದು ಜಾಗ. ವಿಮಾನದ ಮೇಲಿನ ಭಯೋತ್ಪಾದಕ ದಾಳಿಯಲ್ಲಿ ನೊಂದವರಿಗೂ ಜಾಗ ಉಂಟು. ಸದಸ್ಯರು ಬೇಕಾದಾಗ ಸರ್ಕಾರ ತನ್ನ ಗೆಜೆಟ್‌ನಲ್ಲಿ ಪ್ರಕಟಣೆ ಕೊಟ್ಟು ಅರ್ಜಿ ಕರೆಯುವ ಪದ್ಧತಿ. ನಿಮ್ಮ ಅನುಭವ ಏನು, ಯಾವ ಗುಂಪಿನ ಪರವಾಗಿ ಬರುತ್ತೀರಿ, ಬರೆದು ಕಳಿಸಿ ಅಂತ.

ನನಗೆ ಎಲ್ಲಕ್ಕಿಂತ ಹಿಡಿಸಿದ ಕಲಮು ಬೇರೆ. ಕಮಿಟಿ ಸಲಹೆ ಕೊಟ್ಟ 90 ದಿನದೊಳಗೆ ಟಿಎಸ್‌ಎ ಮುಖ್ಯಸ್ಥರು ಬರಹದಲ್ಲಿ ಉತ್ತರ ಕೊಡಬೇಕು. ಒಪ್ಪಿದರೆ ಏನು ಮಾಡುತ್ತೇವೆ ಅಂತ ಹೇಳಬೇಕು, ಒಪ್ಪದಿದ್ದರೆ ಯಾಕೆ ಅಂತ. ಯಾವುದಾದರೂ ಸರ್ಕಾರಿ ಕಚೇರಿಗೆ ಮನವಿ ಕೊಟ್ಟು, ‘ಪರಿಶೀಲಿಸುತ್ತೇವೆ’ ಅನ್ನಿಸಿಕೊಂಡು ಬಂದವರಿಗೆ ಈ ಕಲಮಿನ ಬೆಲೆ ಗೊತ್ತಾಗುತ್ತದೆ. ಅಟ್ಲಾಂಟಾದಲ್ಲಿ ನಿಲ್ದಾಣದ ನೌಕರರ ಮೂಲಕವೇ ಬಂದೂಕು ಸಾಗಿಸಿದ್ದು ಬಯಲಾದಾಗ, 2015ರಲ್ಲಿ ಇದೇ ಕಮಿಟಿ ನೌಕರರ ತಪಾಸಣೆಯ ಬಗ್ಗೆ 28 ಸಲಹೆ ಕೊಟ್ಟಿತು.

ಸಂಬಳವಿಲ್ಲದ ಕೆಲಸಕ್ಕೆ ಯಾರು ಬರುತ್ತಾರೆ ಅಂತ ಬೆಳಗಾವಿಯವರು ಕೇಳಬೇಕಾಗಿಲ್ಲ. ಗಣಪತಿ ಹಬ್ಬ ಹತ್ತಿರ ಬಂದಾಗ ಪೊಲೀಸ್ ಠಾಣೆಯಲ್ಲಿ ಶಾಂತಿ ಸಮಿತಿ ಸಭೆ ಆಗುತ್ತದೆ. ಚಹಾ, ಬಿಸ್ಕೀಟು, ಅಷ್ಟೇ. ಮೆರವಣಿಗೆಯ ಟ್ರ್ಯಾಕ್ಟರ್ ಯಾವ ಗಲ್ಲಿಯ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ಕಂಬದ ವೈರು ಮೂರ್ತಿಗೆ ತಾಗುತ್ತದೆ ಅನ್ನುವುದು ಪೊಲೀಸರಿಗಿಂತ ಮಂಡಳದ ಹುಡುಗರಿಗೆ ಜಾಸ್ತಿ ಗೊತ್ತು. ಅದಕ್ಕೇ ಕರೆಯುತ್ತಾರೆ. ಒಂದೇ ವ್ಯತ್ಯಾಸ, ಅಲ್ಲಿಗೆ ಯಾರೂ ಅರ್ಜಿ ಹಾಕಿ ಬರುವುದಿಲ್ಲ. ಠಾಣೆಯಿಂದ ಫೋನ್ ಬರಬೇಕು.

ನಮ್ಮ ವಿಮಾನ ಭದ್ರತೆಯ ಚರಿತ್ರೆಯೂ ಹೆಚ್ಚುಕಡಿಮೆ ಹಾಗೆಯೇ, ಏನಾದರೂ ಆದಮೇಲೆ ಮೇಲಿನಿಂದ ಬಂದದ್ದು. 1976ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಲಾಹೋರ್‌ಗೆ ಅಪಹರಿಸಿದರು. ಪಾಂಡೆ ಸಮಿತಿ ಕೂತಿತು, 1978ರ ಜನವರಿಯಲ್ಲಿ ಬಿಸಿಎಎಸ್ ಅನ್ನುವ ಭದ್ರತಾ ಘಟಕ ಹುಟ್ಟಿತು. ಕನಿಷ್ಕ ದುರಂತದ ನಂತರ, 1987ರ ಏಪ್ರಿಲ್ 1ರಂದು, ಅದು ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್‌ನಲ್ಲಿ ಐಸಿ 814 ವಿಮಾನವನ್ನು ಕಂದಹಾರ್‌ಗೆ ಅಪಹರಿಸಿದರು. ಅಲ್ಲಿಯವರೆಗೆ ನಿಲ್ದಾಣ ಕಾಯುತ್ತಿದ್ದವರು ಆಯಾ ರಾಜ್ಯದ ಪೊಲೀಸರು. 2000ದ ಫೆಬ್ರುವರಿಯಲ್ಲಿ ಜೈಪುರದಿಂದ ಶುರುಮಾಡಿ ಒಂದೊಂದಾಗಿ ಸಿಐಎಸ್‌ಎಫ್ ಅನ್ನುವ ಕೇಂದ್ರದ ಭದ್ರತಾ ಪಡೆಯ ಕೈಗೆ ಹೋಯಿತು. ಪ್ರತಿ ಸಲವೂ ಒಳ್ಳೆಯದೇ ಆಗಿದೆ. ಆದರೆ ತಪಾಸಣೆಯ ಟ್ರೇ ಮುಂದೆ ನಿಲ್ಲುವವರು ನಿಯಮ ಬರೆಯುವ ಮೇಜಿನ ಹತ್ತಿರ ಎಲ್ಲೂ ಕಾಣುವುದಿಲ್ಲ.

ನಮ್ಮ ಬೆಳಗಾವಿಯ ಸಾಂಬ್ರಾವನ್ನೇ ನೋಡಿ. 1942ರಲ್ಲಿ, ಯುದ್ಧದ ಕಾಲದಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿದ ನಿಲ್ದಾಣ. ಉತ್ತರ ಕರ್ನಾಟಕದಲ್ಲೇ ಹಳೆಯದು. 2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂತು, 2024ರ ಮಾರ್ಚ್‌ನಲ್ಲಿ ಇನ್ನೂ ದೊಡ್ಡದೊಂದಕ್ಕೆ ಅಡಿಗಲ್ಲು ಬಿತ್ತು. ಇಂಥ ನಿಲ್ದಾಣಗಳಿಗೆ ಎರಡು ಥರದ ಕಮಿಟಿ ಇರುತ್ತವೆ. ಭದ್ರತೆಯದರಲ್ಲಿ ಪೊಲೀಸರು, ನಿಲ್ದಾಣದ ಅಧಿಕಾರಿಗಳು, ವಿಮಾನ ಕಂಪನಿಯವರು. ಇನ್ನೊಂದು ಸಲಹಾ ಸಮಿತಿ, ಅದಕ್ಕೆ ಸಂಸದರು ಅಧ್ಯಕ್ಷರು, ಊರಿನ ನಾಮನಿರ್ದೇಶಿತ ಸದಸ್ಯರೂ ಇರುತ್ತಾರೆ. ಅಲ್ಲಿ ಮಾತು ಯಾವುದರದ್ದು? ದಿಲ್ಲಿ ವಿಮಾನ ಯಾವಾಗ, ಪುಣೆಗೆ ಯಾಕೆ ಇಲ್ಲ, ಹುಬ್ಬಳ್ಳಿಗೆ ಕೊಟ್ಟು ನಮಗೆ ಯಾಕೆ ಕೊಡಲಿಲ್ಲ. ಬೇಕಾದ ಮಾತುಗಳೇ, ನಾನೂ ಆಡುತ್ತೇನೆ. ಆದರೆ ಕೊಬ್ಬರಿಯ ವಿಷಯ ಎತ್ತಲು ಎರಡು ಕಮಿಟಿಯಲ್ಲೂ ಜಾಗವಿಲ್ಲ.

ಹಾಗಂತ ಅಮೆರಿಕದ ವ್ಯವಸ್ಥೆ ಕಲ್ಲಿನಲ್ಲಿ ಕೆತ್ತಿದ್ದೂ ಅಲ್ಲ. 2025ರ ಜನವರಿಯಲ್ಲಿ ಹೊಸ ಸರ್ಕಾರ ಬಂದ ಒಂದೆರಡು ದಿನದಲ್ಲೇ ಸಮಿತಿಯ ಎಲ್ಲ ಸದಸ್ಯರನ್ನೂ ಒಂದೇ ಪತ್ರದಲ್ಲಿ ಮನೆಗೆ ಕಳಿಸಿದರು. ಹೋದವರಲ್ಲಿ ಲಾಕರ್‌ಬಿಯಲ್ಲಿ ಸತ್ತವರ ಮನೆಯವರ ಪ್ರತಿನಿಧಿಯೂ ಇದ್ದರು. ಕಾನೂನಿನಲ್ಲಿ ಹೆಸರಿರುವುದರಿಂದ ಕಮಿಟಿಯನ್ನು ತೆಗೆಯಲು ಬರಲಿಲ್ಲ. ಅದಕ್ಕೇ ಕಮಿಟಿಯನ್ನು ಉಳಿಸಿ ಕುರ್ಚಿಗಳನ್ನು ಖಾಲಿ ಮಾಡಿದರು.

ಅವ್ವನಿಗೆ ಇದೆಲ್ಲವನ್ನೂ ಒಂದು ಸಂಜೆ ಹೇಳಿದೆ. ಬುಟ್ಟಿಯಲ್ಲಿ ಉಳಿದ ಬಟ್ಟಲು ಆಮೇಲೆ ಏನಾಗುತ್ತವೆ ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ. ಈಗ ತಂಗಿ ವಿಮಾನದಲ್ಲಿ ಹೊರಟರೆ ಅವ್ವ ಅಕ್ಕಿ, ಉತ್ತತ್ತಿ, ಅಡಿಕೆಯಲ್ಲೇ ಉಡಿ ತುಂಬುತ್ತಾಳೆ. ಕೊಬ್ಬರಿ ಬಟ್ಟಲನ್ನು ಬೇರೆ ಕಟ್ಟಿಟ್ಟು, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಯಾರು ಹೊರಟಿದ್ದಾರೆ ಅಂತ ಓಣಿಯಲ್ಲಿ ವಿಚಾರಿಸುತ್ತಾಳೆ.