ನಂದಿ ಹಾಲ್ಟಿನಲ್ಲಿ ಕೆಟ್ಟು ನಿಂತ ರೈಲು

ಚಿಕ್ಕಬಳ್ಳಾಪುರದ ನಮ್ಮ ಮನೆ ಮಹಡಿಯಲ್ಲೊಂದು ನಂದಿ ಹಾಲ್ಟ್ ಸ್ಟೇಷನ್ ಇದೆ, ರಟ್ಟಿನದ್ದು. ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ ದಾಟಿ ಈ ಕಡೆ ಬರುತ್ತಿದ್ದ ಹಳೇ ಪುಟ್ಟ ರೈಲಿನ ಹಳಿಗಳ ಅಂತರ 762 ಮಿಲಿಮೀಟರ್. ನನ್ನ ಮಾದರಿ ಅಸಲಿಯ 87ನೇ ಒಂದು ಪಾಲಿನಷ್ಟು, ಹಾಗಾಗಿ ಅದನ್ನು 87ರಿಂದ ಭಾಗಿಸಿದರೆ 8.76. ಅಂಗಡಿಯಲ್ಲಿ ಸಿಗುವ 9 ಮಿಲಿಮೀಟರ್ ಮಾದರಿ ಹಳಿ ಹೆಚ್ಚುಕಮ್ಮಿ ಅದೇ ಅಳತೆ! ಲೆಕ್ಕವೇನೋ ಕೂತಿತು. ರೈಲು ಮಾತ್ರ ಸ್ಟೇಷನ್ ಮುಂದೆ ನಿಂತುಬಿಡುತ್ತಿತ್ತು. ಬೆರಳಲ್ಲಿ ತಟ್ಟಿದರೆ ಹೊರಡುತ್ತಿತ್ತು.

ಇಂಥ ಎಂಜಿನ್ನಿಗೆ ಒಂದು ಹಳಿಯಿಂದ 12 ವೋಲ್ಟ್ ಕರೆಂಟ್ ಬಂದು ಇನ್ನೊಂದರಿಂದ ವಾಪಸ್ ಹೋಗುತ್ತದೆ. ತಿರುಗುವ ಚಕ್ರಕ್ಕೆ ವೈರ್ ಬೆಸೆಯಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಚಕ್ರದ ಒಳಮೈಯನ್ನು ಸವರುತ್ತಾ ಇರುವ ತೆಳ್ಳನೆಯ ಲೋಹದ ಪಟ್ಟಿ ಬೇಕು. ಅದೇ ಪಿಕಪ್.

ಬೆಳ್ಳಿ ಬಿಟ್ಟರೆ ಕರೆಂಟ್ ಸಾಗಿಸಲು ತಾಮ್ರವೇ ಮೇಲು ಅಂತ ನಾನು ತಾಮ್ರದ ತಗಡು ಕತ್ತರಿಸಿದ್ದೆ. ಎರಡು ಸುತ್ತು ಓಡುವಷ್ಟರಲ್ಲಿ ಪಟ್ಟಿ ಬಾಗಿ ಚಕ್ರದಿಂದ ದೂರ ಸರಿಯಿತು. ಮೆತ್ತನೆಯ ತಾಮ್ರ ಬಗ್ಗಿಸಿದ ಕಡೆಯೇ ನಿಲ್ಲುತ್ತದೆ. ಚಕ್ರವೋ ಕೂದಲೆಳೆಯಷ್ಟು ಅಲುಗಾಡುತ್ತಲೇ ತಿರುಗುತ್ತದೆ. ಪಟ್ಟಿ ಪುಟಿದು ಅದರ ಹಿಂದೆಯೇ ಹೋಗಬೇಕು.

ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೇ ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ಒಂದರ ಎಲೆಯಂಥ ಸ್ಪ್ರಿಂಗುಗಳು ಕೆಲಸಕ್ಕೆ ಬಂದವು. ಅದು ಫಾಸ್ಫರ್ ಬ್ರಾಂಜ್: ತಾಮ್ರ, ಸ್ವಲ್ಪ ತವರ, ಚಿಟಿಕೆ ರಂಜಕ. ವಿದ್ಯುತ್ ಸಾಗಿಸುವುದರಲ್ಲಿ ತಾಮ್ರದ ಸುಮಾರು ಶೇ 15ರಷ್ಟೇ. ಆದರೆ 2 ಸೆಂಟಿಮೀಟರ್ ಪಟ್ಟಿಯಲ್ಲಿ ಅದರಿಂದ ಕಳೆಯುವುದೆಷ್ಟು? ಲೆಕ್ಕ ಹಾಕಿದೆ, ಬಂದದ್ದು ಒಂದೆರಡು ಮಿಲಿವೋಲ್ಟ್. ನಾನು ಸುಮ್ನೆ ತಾಮ್ರಕ್ಕೆ ಜೋತುಬಿದ್ದಿದ್ದೆ.

ಇನ್ನು ಒತ್ತಡ. ಜಾಸ್ತಿಯಾದರೆ ಪಟ್ಟಿಯೇ ಬ್ರೇಕ್, ಕಡಿಮೆಯಾದರೆ ಕರೆಂಟಿಲ್ಲ. ಇಲ್ಲೊಂದು ಸೊಗಸಾದ ನಿಯಮವಿದೆ. ಪಟ್ಟಿಯ ದಪ್ಪ ಎರಡರಷ್ಟಾದರೆ ಬಿಗಿ 8 ಪಟ್ಟು ಏರುತ್ತದೆ. ಉದ್ದ ಎರಡರಷ್ಟಾದರೆ ಬಿಗಿ 8ನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಚಕ್ರ ಎಷ್ಟೇ ಅಲುಗಾಡಲಿ, ಉದ್ದ ತೆಳು ಪಟ್ಟಿಯ ಒತ್ತಡ ಹೆಚ್ಚು ಬದಲಾಗುವುದಿಲ್ಲ. ಮೋಟು ಪಟ್ಟಿಗೆ ಈ ತಾಳ್ಮೆ ಇಲ್ಲ. ಹಳೇ ಸರ್ಕ್ಯೂಟ್ ಬೋರ್ಡಿನ ಚೂರೊಂದನ್ನು ಎಂಜಿನ್ ತಳಕ್ಕೆ ಅಂಟಿಸಿ, ಪಟ್ಟಿಗಳನ್ನು ಅದಕ್ಕೆ ಬೆಸೆದೆ. ಕಬ್ಬಿಣದ ಮೈಗೆ ತಾಗಿದರೆ ಶಾರ್ಟ್ ಆಗುತ್ತಲ್ಲ, ಅದಕ್ಕೆ.

ತಿಂಗಳಾದ ಮೇಲೆ ರೈಲು ಮತ್ತೆ ನಿಂತಿತು. ಈ ಸಲ ಪಟ್ಟಿಗಳು ಸರಿಯಾಗಿಯೇ ಇದ್ದವು. ಕಣ್ಣಿಗೆ ನುಣುಪಾಗಿ ಕಂಡರೂ ಎರಡು ಲೋಹಗಳು ನಿಜಕ್ಕೂ ಮುಟ್ಟುವುದು ಕೆಲವೇ ಚುಕ್ಕಿಗಳಲ್ಲಿ. ಅಲ್ಲಿ ಹಾರುವ ಪುಟ್ಟ ಕಿಡಿಗಳು, ಎಣ್ಣೆ, ಧೂಳು ಸೇರಿ ಚಕ್ರಕ್ಕೆ ಕಪ್ಪು ಮಸಿ ಹತ್ತಿತ್ತು. ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ತಟ್ಟದೆಯೇ ಹೊರಟಿತು.